ಹಸಿರು ಗುಂಡಿಗೆ ಸಿಕ್ಕಿಸಿದ ಕಡ್ಡಿ

ಸಿಟ್ಟು ಒಳ್ಳೆಯದಲ್ಲ, ಅದರಿಂದ ರಕ್ತದೊತ್ತಡ ಏರುತ್ತದೆ, ಉಂಡದ್ದು ಅರಗುವುದಿಲ್ಲ, ಮುಖದ ಕಳೆ ಹೋಗುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರಲ್ಲಿ ಒಬ್ಬರೂ ಚಿಕ್ಕೋಡಿಯಲ್ಲಿ ವರ್ಕ್‌ಶಾಪ್ ನಡೆಸಿದವರಲ್ಲ. ನಡೆಸಿದ್ದರೆ ಅಷ್ಟು ಮೆತ್ತಗೆ ಮಾತಾಡಲು ಅವರಿಗೆ ಗಂಟಲೇ ಉಳಿಯುತ್ತಿರಲಿಲ್ಲ. ನಾನು ಹುಟ್ಟಾ ಸಿಟ್ಟಿನವನಲ್ಲ. ನನ್ನ ಮದುವೆಯ ಫೋಟೋ ನೋಡಿದವರು, ಈ ಸಾಧು ಹುಡುಗ ಯಾರು ಎಂದು ನನ್ನನ್ನೇ ಕೇಳಿದ್ದುಂಟು. ನನ್ನನ್ನು ಹೀಗೆ ಮಾಡಿದ್ದು ಯಂತ್ರಗಳು. ಪಾಪ, ಯಂತ್ರಗಳನ್ನೇಕೆ ಅನ್ನಲಿ, ಅವುಗಳ ಸುತ್ತ ನಿಲ್ಲುವ ಮನುಷ್ಯರು.

ವರ್ಕ್‌ಶಾಪ್ ತೆರೆಯುವ ಮೊದಲು ನಾನು ಕೊಲ್ಲಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿತೆ. ಅಲ್ಲಿ ಬೆರಳಿಲ್ಲದ ಕೈಗಳನ್ನು ಕಂಡಿದ್ದೆ. ಆ ಕೈಗಳಿಂದಲೇ ಚಹಾದ ಕಪ್ಪು ಎತ್ತಿ, ಏನೂ ಆಗಿಲ್ಲವೆಂಬಂತೆ ನಗುವವರನ್ನೂ ಕಂಡಿದ್ದೆ. ಹಾಗಾಗಿ ಎಂಬತ್ತರ ದಶಕದ ನಡುವೆ ನಿಪ್ಪಾಣಿ ರಸ್ತೆಯ ಮೇಲೆ ನನ್ನದೇ ಶೆಡ್ಡು ಹಾಕಿ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಒಂದು ಲೇಥ್, ಒಂದು ಡ್ರಿಲ್, ಕೈಯಲ್ಲಿ ಹಿಡಿಯುವ ಗ್ರೈಂಡರ್, ವೆಲ್ಡಿಂಗ್ ಸಾಮಾನು ಇಷ್ಟು ಕೂಡಿಸಿಕೊಂಡು ಕುಳಿತಾಗ, ಮೊದಲು ಮಾಡಿಸಿದ್ದು ಅಂಗಡಿಯ ಹೆಸರಿನ ಫಲಕವಲ್ಲ. ಒಳಗಿನ ಗೋಡೆಯ ಫಲಕ. ‘ಚಸ್ಮಾ ಹಾಕದೆ ಗ್ರೈಂಡರ್ ಮುಟ್ಟಬಾರದು. ಸಡಿಲ ಬಟ್ಟೆ ತೊಟ್ಟು ಯಂತ್ರದ ಹತ್ತಿರ ಬರಬಾರದು.’ ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ನಮ್ಮ ಗಿರಾಕಿಗಳು ಎರಡೂ ಭಾಷೆ ಬಲ್ಲವರು. ಕಬ್ಬಿನ ಟ್ರೇಲರು ರಿಪೇರಿಗೆ ತಂದ ಒಬ್ಬ ಗೃಹಸ್ಥರು ಎರಡನ್ನೂ ಗಟ್ಟಿಯಾಗಿ ಓದಿ, ತಿರುಗುವ ಡ್ರಿಲ್ಲಿನ ಮೇಲೆ ಬಗ್ಗಿ, ಹೆಗಲ ಟವೆಲ್ಲು ಅದರ ಮೂತಿಗೆ ತಾಗುವಂತೆ ನಿಂತು, “ಅಕ್ಷರ ಭಾಳ ಚಲೋ ಬಂದಾವ್ರಿ. ಯಾರ ಕಡೆ ಬರೆಸೀರಿ?” ಎಂದರು. ನನ್ನ ಗಂಟಲು ಒಡೆಯಲು ಶುರುವಾದದ್ದು ಅವತ್ತು.

ನನ್ನ ಕೈಕೆಳಗೆ ದತ್ತೂ ಎಂಬ ವೆಲ್ಡರ್ ಇದ್ದ. ನಿಪ್ಪಾಣಿಯವನು, ನನ್ನದೇ ವಯಸ್ಸು, ಕೆಲಸದಲ್ಲಿ ಚುರುಕು, ಮಾತು ಕೇಳುವುದರಲ್ಲಿ ಕಲ್ಲು. ಅವನಿಗೆಂದು ತಂದ ಚಸ್ಮಾ ಸದಾ ಹಣೆಯ ಮೇಲಿರುತ್ತಿತ್ತು.

“ಅದನ್ನ ಹಾಕ್ಕೊಂಡ್ರ ಕೆಲಸ ಕಾಣೂದಿಲ್ರಿ ಮಾಲಕ.”

“ಹಾಕ್ಕೊಳ್ಳದಿದ್ರ ಮುಂದ ಏನೂ ಕಾಣೂದಿಲ್ಲ.”

“ಇಷ್ಟ ವರ್ಷ ಏನಾಗೇತ್ರಿ?”

ಈ ಪ್ರಶ್ನೆಗೆ ಉತ್ತರ ಕೊಡಬೇಕೆಂದರೆ ಅವನಿಗೆ ಏನಾದರೂ ಆಗಬೇಕು. ನನಗೆ ಅದು ಬೇಡ. ಹೀಗಾಗಿ ಬರೀ ಕೂಗುತ್ತಿದ್ದೆ. ಹಾಗೆಂದು ಅವನು ಚಸ್ಮಾ ಕಣ್ಣಿಗೆ ಹಾಕುವುದೇ ಇಲ್ಲವೆಂದಲ್ಲ. ಸಂಜೆ ಮೋಟಾರ್ ಸೈಕಲ್ ಏರಿ ಊರಿಗೆ ಹೊರಟಾಗ ತಪ್ಪದೆ ಹಾಕುತ್ತಿದ್ದ. ದಾರಿಯಲ್ಲಿ ಧೂಳಂತೆ. ಧೂಳಿಗೆ ಹೆದರುವ ಕಣ್ಣು ಕಬ್ಬಿಣದ ಕಿಡಿಗೆ ಹೆದರುವುದಿಲ್ಲ. ಗ್ರೈಂಡರಿನ ಚಕ್ರ ಒಡೆದು ಸಿಡಿದರೆ ತಡೆಯಲೆಂದು ಅದಕ್ಕೊಂದು ತಗಡಿನ ಕವಚ ಇರುತ್ತದಲ್ಲ, ಅದನ್ನೂ ಕಳಚಿಟ್ಟಿದ್ದ. ಎಲ್ಲೆಲ್ಲೋ ಹುಡುಕಿದೆ. ಕೊನೆಗೆ ಅವನ ಕಾಲ ಬುಡದಲ್ಲೇ ಸಿಕ್ಕಿತು. ಅದರ ತುಂಬ ಬೀಡಿಯ ಬೂದಿ.

ದತ್ತೂನನ್ನಾದರೂ ಬೈಯಬಹುದಿತ್ತು. ಬೈಯಲಾಗದವರು ಒಬ್ಬರಿದ್ದರು, ನನ್ನ ಮಾವನವರು. ಹೆಂಡತಿ ಶಾಂತಾಳ ತಂದೆ, ಏಕಸಂಬಿಯಲ್ಲಿ ಕಬ್ಬಿನ ಹೊಲವಿದ್ದವರು. ಶೆಡ್ಡು ನಿಂತ ಜಾಗವೂ, ಹಿಂದೆ ನಮ್ಮ ಮನೆಯಿದ್ದ ಜಾಗವೂ ಅವರದೇ. ಮುಂಜಾನೆಯ ಬಸ್ಸಿಗೆ ಬಂದು, ಮೊಮ್ಮಕ್ಕಳನ್ನು ಮಾತಾಡಿಸಿ, ನೇರ ವರ್ಕ್‌ಶಾಪಿಗೆ ನಡೆಯುವರು. ಬಿಳಿ ಧೋತರ, ತಲೆಗೆ ರುಮಾಲು, ಹೆಗಲ ಮೇಲೆ ಟವೆಲ್ಲು. ನನ್ನ ಫಲಕದಲ್ಲಿ ಬೇಡವೆಂದದ್ದೆಲ್ಲ ಅವರ ಮೈಮೇಲಿತ್ತು. ಕೂರುತ್ತಿದ್ದುದು ಲೇಥಿನ ಪಕ್ಕದ ಸಾಮಾನಿನ ಪೆಟ್ಟಿಗೆಯ ಮೇಲೆ. ಬಿಸಿಲ ದಿನಗಳಲ್ಲಿ ಲೇಥಿನ ಕಬ್ಬಿಣ ಬೆನ್ನಿಗೆ ತಂಪಂತೆ.

“ಮಾವಾರ, ಸ್ವಲ್ಪ ಆ ಕಡೆ ಕುಂದರ್ರಿ” ಎಂದರೆ, “ಇಲ್ಲೇ ಆರಾಮ ಐತಿ ಬಿಡ್ರಿ ಅಳಿಯಂದ್ರ” ಎನ್ನುವರು. ಅಲ್ಲಿಗೆ ಮಾತು ಮುಗಿಯಿತು. ಅವರಿಗೆ ಸಲ್ಲಬೇಕಾದ ಬೈಗುಳವೂ ದತ್ತೂನ ಪಾಲಿಗೆ ಹೋಗುತ್ತಿತ್ತು. ಅವನು ಎರಡು ಪಾಲನ್ನೂ ಅಷ್ಟೇ ನಿರಾಳವಾಗಿ ತೆಗೆದುಕೊಳ್ಳುತ್ತಿದ್ದ.

ಆಗೆಲ್ಲ ಕರೆಂಟು ತನಗೆ ಬೇಕಾದಾಗ ಬರುವುದು, ಬೇಡವಾದಾಗ ಹೋಗುವುದು. ಲೇಥಿನ ಹಿಂದಿನ ಗೋಡೆಗೆ ಅದರ ಸ್ಟಾರ್ಟರ್ ಪೆಟ್ಟಿಗೆ ಇತ್ತು. ಅದಕ್ಕೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಕರೆಂಟು ಹೋದರೆ ಸ್ಟಾರ್ಟರ್ ತಾನಾಗಿ ಕಳಚಿಕೊಳ್ಳುತ್ತದೆ. ಮತ್ತೆ ಬಂದಾಗ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ಯಂತ್ರ ತಿರುಗುತ್ತದೆ. ಇದು ಯಂತ್ರ ಮಾಡಿದವರ ವಿವೇಕ. ನಮ್ಮ ಕಡೆಯ ಬಾವಿಗಳ ಪಂಪಿನಲ್ಲಿ ಈ ವಿವೇಕಕ್ಕೆ ಮದ್ದು ಅರೆದಿದ್ದರು. ಹಸಿರು ಗುಂಡಿಯನ್ನು ಒಳಗೆ ಒತ್ತಿ, ಅದು ಹೊರಗೆ ಬಾರದಂತೆ ಜಾಲಿಯ ಕಡ್ಡಿಯೊಂದನ್ನು ಸಿಕ್ಕಿಸಿಬಿಟ್ಟರೆ, ಕರೆಂಟು ಯಾವಾಗ ಬಂದರೂ ಪಂಪು ತಾನೇ ಶುರು. ಯಾರೂ ಬಾವಿಗೆ ಓಡಬೇಕಾಗಿಲ್ಲ. ಏಕಸಂಬಿಯಲ್ಲಿ ಮಾವನವರ ಪಂಪು ಹಾಗೆಯೇ ನಡೆಯುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಲೇಥಿಗೆ ಪಂಪಿನ ಶಾಫ್ಟು, ಅಂದರೆ ಅದರ ಉದ್ದನೆಯ ಕಬ್ಬಿಣದ ಸಲಾಕೆ, ಕಟ್ಟಿ ತಿರುಗಿಸುತ್ತಿದ್ದಾಗ ಕರೆಂಟು ಹೋಯಿತು. ಹೊರಗೆ ರಾಯಬಾಗದ ಗಿರಾಕಿಯೊಬ್ಬರು ಕರೆದರೆಂದು ಎದ್ದು ಹೋದೆ. ದತ್ತೂ ಟ್ರೇಲರಿನ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದ. ಒಳಗೆ ಮಾವನವರು ಒಬ್ಬರೇ. ಅಳಿಯ ಪ್ರತಿ ಸಲ ಎದ್ದು ಬಂದು ಗುಂಡಿ ಒತ್ತಬೇಕಲ್ಲ ಎಂದು ಅವರಿಗೆ ಕನಿಕರ ಬಂತು. ಕನಿಕರ ಬಂದ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಹೊರಗಿನ ಬೇಲಿಯಿಂದ ಒಂದು ಕಡ್ಡಿ ಮುರಿದು ತಂದು, ಹಸಿರು ಗುಂಡಿಗೆ ಸಿಕ್ಕಿಸಿ, ತಮ್ಮ ಜಾಗದಲ್ಲಿ ಕೂತರು. ನೆಲದ ಮೇಲೆ ಎಣ್ಣೆ ಚೆಲ್ಲಿತ್ತು. ಧೋತರ ಮಾಸಬಾರದೆಂದು ಅದರ ಚುಂಗನ್ನು ಎತ್ತಿ ಲೇಥಿನ ಶಾಫ್ಟಿನ ಮೇಲೆ ಹಾಕಿಕೊಂಡು, ಹಾಗೇ ಕಣ್ಣು ಮುಚ್ಚಿದರು.

ಕರೆಂಟು ಬಂತು. ಶೆಡ್ಡಿನ ದೀಪ ಹತ್ತಿದ್ದು ಕಂಡೆ, ಅದರ ಹಿಂದೆಯೇ ಲೇಥಿನ ಗುರುಗುಟ್ಟುವಿಕೆ ಕೇಳಿತು. ಯಾರೂ ಗುಂಡಿ ಒತ್ತದೆ ಅದು ಗುರುಗುಟ್ಟಬಾರದು. ಒಳಗೆ ಓಡಿದಾಗ ಮಾವನವರು ಎರಡೂ ಕೈಯಿಂದ ಲೇಥಿನ ಅಂಚು ಹಿಡಿದು ಜಗ್ಗಾಡುತ್ತಿದ್ದರು. ಧೋತರ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತ ಅವರನ್ನು ಎಳೆಯುತ್ತಿತ್ತು. ನಾನು ಕೆಂಪು ಗುಂಡಿ ಗುದ್ದಿದೆ. ಯಂತ್ರ ಉಸಿರು ಬಿಟ್ಟಿತು. ಅವರನ್ನು ಬಿಡಿಸಲೆಂದು ಕೈ ತೆಗೆದೆ. ಯಂತ್ರ ಮತ್ತೆ ತಿರುಗಿತು. ಮತ್ತೆ ಗುದ್ದಿದೆ, ನಿಂತಿತು. ಕೈ ತೆಗೆದೆ, ತಿರುಗಿತು. ನನ್ನ ಕಸುಬಿನ ಯಂತ್ರ ನನ್ನ ಮಾತು ಕೇಳುತ್ತಿರಲಿಲ್ಲ.

“ಗುಂಡಿ ಬಿಡಬ್ಯಾಡ್ರಿ ಅಳಿಯಂದ್ರ” ಎಂದರು ಮಾವನವರು. ಕೂಗಲಿಲ್ಲ, ಬೇಡಿಕೊಂಡರು.

ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ನಿಂತೆ. ಅವರು ಕೈಯಳತೆಯ ಆಚೆಗಿದ್ದರು. ದತ್ತೂ, ಮೇನ್ ತಗಿಯೋ ಎಂದು ನಾನು ಅರಚಿದ್ದು ಬಸ್ ನಿಲ್ದಾಣದವರೆಗೆ ಕೇಳಿತಂತೆ. ಅವನು ಟ್ರೇಲರಿನ ಕೆಳಗಿನಿಂದ ತೆವಳಿ ಬಂದು ಮೇನ್ ಸ್ವಿಚ್ ಎಳೆದ. ಆಗಲೇ ನನ್ನ ಹೆಬ್ಬೆರಳಿನ ಪಕ್ಕದಲ್ಲಿ ನಿಂತ ಕಡ್ಡಿಯನ್ನು ಕಂಡದ್ದು.

ಧೋತರ ಹಳೆಯದು, ಬಹಳ ಒಗೆತ ಕಂಡದ್ದು. ನಡುವೆ ಹರಿದು ಅರ್ಧ ಯಂತ್ರಕ್ಕೆ ಹೋಗಿತ್ತು, ಅರ್ಧ ಅವರಿಗೆ ಉಳಿದಿತ್ತು. ದೀಪಾವಳಿಗೆ ನಾನು ಕೊಟ್ಟ ಗಟ್ಟಿ ಧೋತರವನ್ನು ಅವರು ಉಡುವುದಿಲ್ಲವೆಂದು ನನಗೆ ಸಿಟ್ಟಿತ್ತು. ಅದನ್ನು ಉಟ್ಟಿದ್ದರೆ ಅದು ಹರಿಯುತ್ತಿರಲಿಲ್ಲ. ಮಾವನವರು ಉಳಿದರ್ಧವನ್ನು ಕೈಯಲ್ಲಿ ಹಿಡಿದು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದರು. ಮೊಣಕೈಯ ಚರ್ಮ ಕಿತ್ತಿತ್ತು, ಭುಜ ತಿರುಚಿತ್ತು. ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿದರು.

ಮರಳಿ ಬಂದವನೇ ದತ್ತೂನನ್ನು ಹಿಡಿದೆ. ಚಸ್ಮಾ, ಕವಚ, ಬೀಡಿಯ ಬೂದಿ, ಹಳೆಯದೆಲ್ಲ ಎತ್ತಿ ಬೈದೆ. “ನಾ ಏನ ಮಾಡೇನ್ರಿ?” ಎಂದ. ಮೊದಲ ಸಲ ಅವನ ಮಾತು ಸರಿಯಿತ್ತು, ಅದಕ್ಕೆ ಇನ್ನೂ ಜೋರಾಗಿ ಬೈದೆ. ಶಾಂತಾ ಹಿಂದಿನ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು.

“ಕಡ್ಡಿ ಹಾಕಿದವರು ನಮ್ಮಪ್ಪಾರು. ಬೈಯೂದಿದ್ರ ಅವರಿಗೆ ಬೈರಿ. ಅವನಿಗ್ಯಾಕ ಬೈತೀರಿ?”

ಹೆಂಡತಿಯೇ ಅಪ್ಪಣೆ ಕೊಟ್ಟ ಮೇಲೆ ನನ್ನನ್ನು ಹಿಡಿಯುವವರಾರು? ಮದುವೆಯಾದಂದಿನಿಂದ ಕೂಡಿಟ್ಟಿದ್ದನ್ನೆಲ್ಲ ಮಾವನವರ ಮುಂದೆ ಸುರಿದೆ. ಇದು ಬಾವಿಯಲ್ಲ ಎಂದೆ. ನಿಮ್ಮ ಹೆಣ ಹೊತ್ತು ಏಕಸಂಬಿಗೆ ಹೇಗೆ ಹೋಗಬೇಕಿತ್ತು ಎಂದೆ. ಅವರು ನನ್ನ ಪ್ಯಾಂಟು ಹಾಕಿಕೊಂಡು ಕೂತಿದ್ದರು. ಸಂಜೆಯ ಬಸ್ಸಿಗೆ ಹೋದವರು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಶಾಂತಾ ಊಟಕ್ಕೆ ಬಡಿಸಿ, ಗೋಡೆ ನೋಡುತ್ತ ಕೂರುವಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ವಾರ ಕಳೆದ ಮೇಲೆ ತಡೆಯಲಾರದೆ ಏಕಸಂಬಿಗೆ ಹೋದೆ. ಅತ್ತೆಯವರು ನೀರು ಕೊಟ್ಟು, “ಬಾವಿ ಕಡೆ ಹೋಗ್ಯಾರ. ಮನ್ಯಾಗ ಯಾರ ಕೂಡಾನೂ ಸರಿಯಾಗಿ ಮಾತಾಡವಲ್ರು. ನೀವ ಹೋಗಿ ನೋಡ್ರಿ” ಎಂದರು. ಕ್ಷಮೆ ಕೇಳುವುದು ಹೇಗೆಂದು ಬದುವಿನುದ್ದಕ್ಕೂ ಮಾತು ಜೋಡಿಸುತ್ತ ನಡೆದೆ.

ಪಂಪಿನ ಗುಡಿಸಲಿನ ಮುಂದೆ ಅಕ್ಕಪಕ್ಕದ ಹೊಲದವರು ನೆರೆದಿದ್ದರು. ನಡುವೆ ಮಾವನವರು, ಕೈ ಕೊರಳಿಗೆ ತೂಗಿಬಿದ್ದಿತ್ತು. ನನ್ನ ಕಡೆ ಅವರ ಬೆನ್ನಿತ್ತು.

“ಅಳಿಯಂದ್ರು ಬೈದ್ರು. ಬೈದದ್ದು ಖರೇನ ಐತಿ” ಎನ್ನುತ್ತಿದ್ದರು. “ಅವರು ಗುಂಡಿ ಒತ್ತಿ ಹಿಡೀದಿದ್ರ ನಾ ಇವತ್ತ ಇಲ್ಲಿ ನಿಂದರತಿದ್ದಿಲ್ಲ. ಇನ್ನ ಈ ಬಾವಿಗೆ ಕಡ್ಡಿ ಬ್ಯಾಡ.”

“ರಾತ್ರಿ ಕರೆಂಟ್ ಬಂದ್ರ ಯಾರ ಎದ್ದ ಬರೂದು ಕಾಕಾ?” ಎಂದ ಒಬ್ಬ.

“ನೀನ ಎದ್ದ ಬಾ.”

ಎಡಗೈಯಿಂದ ಕಡ್ಡಿ ಕಿತ್ತು ಬಾವಿಗೆ ಎಸೆದರು. ಆ ಗಳಿಗೆಯಲ್ಲಿ ನನ್ನಲ್ಲಿ ಸಿಟ್ಟೆಂಬುದು ಎಳ್ಳಷ್ಟೂ ಇರಲಿಲ್ಲ. ಜೋಡಿಸಿಕೊಂಡಿದ್ದ ಮಾತೂ ಇರಲಿಲ್ಲ. “ಮಾವಾರ, ಚಿಕ್ಕೋಡಿಗೆ ನಡೀರಿ” ಎಂದೆ. “ಪಾಯಜಾಮಾ ಹೊಲಿಯಾಕ ಕೊಟ್ಟೀನಿ. ಬಂದ ಮ್ಯಾಲ ಬರತೀನಿ” ಎಂದರು.

ಬಂದರು. ಹುಟ್ಟಿದಾಗಿನಿಂದ ಧೋತರ ಬಿಡದ ಮನುಷ್ಯ ಬಿಗಿಯಾದ ಪಾಯಜಾಮಾ ತೊಟ್ಟು, ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಬಂದ ಗಿರಾಕಿಗಳ ಟವೆಲ್ಲು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಪೇರಿಸಿಡುವರು. ದತ್ತೂನ ಕಡೆ ಸುಮ್ಮನೆ ನೋಡುವರು. ಚಸ್ಮಾ ಹಣೆಯಿಂದ ಕಣ್ಣಿಗೆ ಇಳಿಯುವುದು. ಗ್ರೈಂಡರಿಗೆ ಕವಚ ಬಂತು. “ಕಾಕಾ, ಚಾಲೂ ಮಾಡ್ಲ್ಯಾ?” ಎಂದು ಅವನು ಕೇಳಬೇಕು, ಅವರು ಹೂಂ ಎನ್ನಬೇಕು, ಆಮೇಲೆ ಕೆಲಸ. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದು ಒಂದು ಹೂಂಕಾರಕ್ಕೆ ಆಗಿತ್ತು. ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು.

ಒಂದು ದಿನ ಅಥಣಿಯಲ್ಲಿ ನೆಂಟರ ಮದುವೆ ಮುಗಿಸಿ, ಗಿರಾಕಿ ಕಾಯುತ್ತಿದ್ದಾನೆಂದು ಹೆಗಲ ಶಲ್ಯವನ್ನೂ ತೆಗೆಯದೆ ಬಸ್ಸಿಳಿದು ನೇರ ವರ್ಕ್‌ಶಾಪಿಗೆ ನುಗ್ಗಿದೆ. ಮಾವನವರು ಬಾಗಿಲಿಗೆ ಕಾಲು ಅಡ್ಡ ಚಾಚಿದರು.

“ಶಲ್ಯಾ ತಗದ ಬರ್ರಿ.”

“ಮಾವಾರ, ಇದು ನನ್ನ ವರ್ಕ್‌ಶಾಪ್.”

“ಹೌದ್ರಿ, ಅದಕ್ಕ ಹೇಳಾಕತ್ತೀನಿ. ಬೆರಳಾಗಿನ ಉಂಗರಾನೂ ತಗೀರಿ.”

ಆ ಉಂಗುರ ಮದುವೆಯಲ್ಲಿ ಅವರೇ ತೊಡಿಸಿದ್ದು. ದತ್ತೂ ಚಸ್ಮಾದ ಹಿಂದಿನಿಂದ ನನ್ನನ್ನು ನೋಡುತ್ತಿದ್ದ. ನಾನು ಬಾಗಿಲಲ್ಲೇ ತಿರುಗಿ, ಹಿಂದಿನ ಮನೆಗೆ ಹೋಗಿ, ಉಂಗುರ ಜಗ್ಗಿದೆ. ಬೆರಳು ದಪ್ಪವಾಗಿತ್ತು, ಬರಲಿಲ್ಲ. ಬಚ್ಚಲಲ್ಲಿ ನಿಂತು ಮಾವನವರನ್ನೂ ದತ್ತೂನನ್ನೂ ಅಥಣಿಯ ಬಸ್ಸನ್ನೂ ಬೈಯುತ್ತಿದ್ದೆ. ಶಾಂತಾ ಬಂದು ನನ್ನ ಕೈ ಹಿಡಿದು ಸಾಬೂನು ತಿಕ್ಕತೊಡಗಿದಳು.

“ಅವರು ನಿಮ್ಮ ಮಾತ ಕೇಳದಿದ್ರೂ ಸಿಟ್ಟ, ಕೇಳಿದ್ರೂ ಸಿಟ್ಟ. ಏನ ಮಾಡಬೇಕ್ರಿ ಅವರು?”

ಸಾಬೂನಿಗೆ ಉಂಗುರ ಜಾರಿ ಬಂತು. ನಾನು ಅಷ್ಟು ಜಗ್ಗಿದರೂ ಬಾರದ್ದು ಅವಳ ಕೈಗೆ ಬಂತೆಂದು ಮತ್ತಷ್ಟು ಸಿಟ್ಟು ಬಂತು.