ಎಂಟು ಗಜದ ಪಾರದರ್ಶಕ ಪರದೆ

ಬಹಳ ಹಿಂದೆ, ಪರದೆ ಕಟ್ಟಲು ಪರವಾನಗಿ ಬೇಕಿಲ್ಲದ ಕಾಲದಲ್ಲಿ, ಮೀಜಾನಾಬಾದ್ ಎಂಬ ರಾಜ್ಯವಿತ್ತು. ಮೀಜಾನ್ ಎಂದರೆ ತಕ್ಕಡಿ. ಧ್ವಜದ ಮೇಲೆ ತಕ್ಕಡಿ, ಸಿಂಹಾಸನದ ಮೇಲೆ ತಕ್ಕಡಿ. ಸಂತೆಯಲ್ಲಿ ಮಾತ್ರ ಕೈಯಂದಾಜು.

ಪ್ರಜೆಗಳಲ್ಲಿ ಹೆಚ್ಚಿನವರು ಮುಸಲ್ಮಾನರು. ರಮಜಾನ್ ಬಂದರೆ ಚಹಾದಂಗಡಿಯವರು ಮುಂಭಾಗಕ್ಕೆ ಹಳೆಯ ಚಾದರ ಕಟ್ಟುತ್ತಿದ್ದರು. ಅದರ ಹಿಂದೆ ಕಾಯಿಲೆಯವರು, ಬಸುರಿಯರು, ದಾರಿಹೋಕರು, ಬೇರೆ ಧರ್ಮದವರು ಉಣ್ಣುತ್ತಿದ್ದರು. ಇದಾವುದೂ ಅಲ್ಲದ ಒಂದಿಬ್ಬರೂ ಉಣ್ಣುತ್ತಿದ್ದರು. ಚಾದರದ ಕೆಳಗೆ ಕಾಣುವ ಚಪ್ಪಲಿಗಳನ್ನು ಬೀದಿಯವರು ಗುರುತಿಸುತ್ತಿದ್ದರು, ಹೆಸರು ಹೇಳುತ್ತಿರಲಿಲ್ಲ. ಇದಕ್ಕೆ ಕಾನೂನು ಇರಲಿಲ್ಲ. ಆದ್ದರಿಂದ ನಾನೂರು ವರ್ಷ ನಡೆದುಕೊಂಡು ಬಂದಿತ್ತು.

ಕಲಾಯಿಗಾರರ ಓಣಿಯಲ್ಲಿ ಜುಲೇಖಾಬಿಯ ಅಂಗಡಿ. ಅಂಗಡಿಯೂ ಮನೆಯೂ ಒಂದೇ ಕೋಣೆ: ಮುಂದೆ ಒಲೆ, ಹಿಂದೆ ಗಂಡನ ಹೊಲಿಗೆಯಂತ್ರ, ಬೀದಿಯ ಕಡೆ ಗೋಡೆಯಿಲ್ಲ. ಗಂಡ ಇದ್ರೀಸ್ ಮಿಯಾಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡರೆ ಮಧ್ಯಾಹ್ನ ಊಟ ತಪ್ಪಬಾರದು ಎಂದು ಹಕೀಮರು ಹೇಳಿದ್ದರು. ಕಾಯಿಲೆಯವನಿಗೆ ರೋಜಾ ಉಪವಾಸ ಕಡ್ಡಾಯವಲ್ಲ ಎಂದು ಮೌಲವಿಗಳೂ ಹೇಳಿದ್ದರು. ಇಬ್ಬರ ಮಾತೂ ಕೇಳಿ ಮಿಯಾ ಚಾದರದ ಹಿಂದೆ, ಗೋಡೆಗೆ ಮುಖ ಮಾಡಿ, ಎರಡು ರೊಟ್ಟಿ ತಿನ್ನುತ್ತಿದ್ದರು.

ಹೀಗಿರಲಾಗಿ ಅರಮನೆಯ ಭೋಜನಕೂಟದಲ್ಲಿ ಪರದೇಶದ ರಾಯಭಾರಿಯೊಬ್ಬ ಸುಲ್ತಾನ್ ಫರುಖ್‌ಬಖ್ತರನ್ನು, "ತಮ್ಮದು ಧಾರ್ಮಿಕ ರಾಜ್ಯವೋ, ಧರ್ಮನಿರಪೇಕ್ಷ ರಾಜ್ಯವೋ?" ಎಂದು ಕೇಳಿದ. ಸುಲ್ತಾನರಿಗೆ ಗೊತ್ತಿರಲಿಲ್ಲ. ಅವನಿಗೆ ಇನ್ನಷ್ಟು ಫಿರ್ನಿ ಬಡಿಸಲು ಹೇಳಿ, ಮರುದಿನ ದರ್ಬಾರು ಕರೆದರು.

"ಹುಜೂರ್, ಚಾದರ ಕಟ್ಟುವುದು ಅವರವರ ಮರ್ಜಿಗೆ ಬಿಟ್ಟಿದೆ," ಎಂದರು ಸದಾಚಾರ ಖಾತೆಯ ವಜೀರ ತಫಜ್ಜುಲ್ ಬೇಗ್. "ಮರ್ಜಿಯಿಂದ ನಡೆಯುವ ಸದಾಚಾರದ ಅಂಕಿಅಂಶ ಇಲಾಖೆಗೆ ಸಿಗುವುದಿಲ್ಲ."

"ಹುಜೂರ್, ಉಣ್ಣುವವನು ಅಡಗಿ ಕೂತರೆ ನಮ್ಮಲ್ಲಿ ಸ್ವಾತಂತ್ರ್ಯ ಇದೆಯೆಂದು ರಾಯಭಾರಿಗೆ ತೋರಿಸುವುದು ಹೇಗೆ?" ಎಂದರು ಧರ್ಮನಿರಪೇಕ್ಷತಾ ಖಾತೆಯ ವಜೀರ ಶಹರಿಯಾರ್ ಎಫೆಂದಿ.

ಸುಲ್ತಾನರು ಕಣ್ಣು ಮುಚ್ಚಿದರು.

"ಪರದೆ ಕಡ್ಡಾಯ," ಎಂದರು ಕಣ್ಣು ತೆರೆದು. "ಮತ್ತು ಪರದೆ ಪಾರದರ್ಶಕವಾಗಿರತಕ್ಕದ್ದು."

"ಸುಭಾನಲ್ಲಾ! ಒಂದೇ ಬಟ್ಟೆಯಲ್ಲಿ ಎರಡು ಇಲಾಖೆ!" ಎಂದರು ತಫಜ್ಜುಲ್ ಬೇಗ್. "ಜಹಾಂಪನಾ ದರ್ಜಿಯಾಗಿದ್ದರೆ ನಾವೆಲ್ಲ ಚಿಂದಿ," ಎಂದರು ಎಫೆಂದಿ. ಇಬ್ಬರೂ ಒಪ್ಪಿದ್ದು ಅದೇ ಮೊದಲು.

ಅಂಗಡಿಗೊಂದರಂತೆ ಎಂಟು ಗಜದ ಬಿಳಿ ಮಲ್‌ಮಲ್ ಪರದೆ, ಮೂಲೆಯಲ್ಲಿ ತಕ್ಕಡಿಯ ಮೊಹರು. ರಾಜ್ಯದ ಬಿಳಿ ಬಟ್ಟೆಯೆಲ್ಲ ಸರಕಾರಿ ಉಗ್ರಾಣ ಸೇರಿತು. ದಿನಕ್ಕೆ ಇಬ್ಬರು ತಪಾಸಣಾಧಿಕಾರಿಗಳು: ಪರದೆ ಇದೆಯೇ ಎಂದು ನೋಡಲು ಒಬ್ಬ, ಒಳಗಿನವರು ಕಾಣುತ್ತಾರೆಯೇ ಎಂದು ನೋಡಲು ಇನ್ನೊಬ್ಬ. ಅವರು ಬಗ್ಗಿ ನೋಡುವುದನ್ನು ಕಂಡು ಬೀದಿಯೂ ನಿಂತು ನೋಡತೊಡಗಿತು. ಉಣ್ಣುವವರು ಎದೆಗೆ ಬಿಲ್ಲೆ ಕಟ್ಟಿಕೊಂಡು ಬೀದಿಗೆ ಮುಖ ಮಾಡಿ ಕೂರಬೇಕು: 'ಕಾಯಿಲೆ', 'ಬಸಿರು', 'ಪ್ರಯಾಣ', 'ಪರಧರ್ಮ'.

ಇದ್ರೀಸ್ ಮಿಯಾ ಬಿಲ್ಲೆಯನ್ನು ಹೊಲಿಗೆಯಂತ್ರದ ಡ್ರಾಯರಿನಲ್ಲಿಟ್ಟರು.

"ಎರಡು ತುತ್ತು ತಿನ್ರಿ," ಎಂದಳು ಜುಲೇಖಾಬಿ. "ಮೈ ನಡಗಾಕ ಹತ್ತೇತಿ."

"ಈ ಓಣ್ಯಾಗ ಎಲ್ಲಾರ ಸೊಂಟದ ಅಳತಿ ನನಗ ಗೊತ್ತು. ಯಾರಿಗಾದ್ರೂ ಹೇಳೇನೇನು? ಈಗ ನನ್ನ ಬಾಯಿ ಅಳಿಯಾಕ ನಿಂತಾರ, ನೋಡು."

"ನಿಂತ್ರ ನಿಲ್ಲಲಿ. ಜೀವಕ್ಕಿಂತ ಅವರು ದೊಡ್ಡವ್ರಾ?"

"ರೋಜಾ ಇದ್ದವ್ರ ಮುಂದ ತಿನ್ನೂದು ಚಂದಲ್ಲ, ಬೀಬಿ. ಅವರಿಗೆ ಕಾಣಬಾರ್ದು ಅಂತ ಅಲ್ಲೇನು ಚಾದರ ಇದ್ದದ್ದು?"

ಎದುರಿನ ಕ್ಷೌರದಂಗಡಿಯ ದೇವಪ್ಪ ಆ ಚಾದರದ ಹಿಂದೆ ಮೂವತ್ತು ವರ್ಷ ಚಹಾ ಕುಡಿದವನು. "ಮಿಯಾ, ನಮ್ಮಂಗಡಿಗೆ ಬರ್ರಿ. ಹಿಂದಿನ ಕುರ್ಚಿ ಮ್ಯಾಲ ಕುಂತು ಉಣ್ರಿ. ಕೇಳಿದ್ರ ಗಡ್ಡ ತಿದ್ದಾಕ ಹತ್ತೀನಿ ಅಂತೀನಿ," ಎಂದ.

ಮಿಯಾ ಹೋದರು. ಅಲ್ಲಿ ನಾಲ್ಕು ಕನ್ನಡಿಗಳಿದ್ದವು. ಇದ್ರೀಸ್ ಮಿಯಾ ನಾಲ್ಕು ಕಡೆ ರೊಟ್ಟಿ ತಿನ್ನುವುದು ಬೀದಿಗೆ ಕಂಡಿತು. ಪರದೆಯಿಲ್ಲದೆ ಉಣಿಸಿದನೆಂದು ಸದಾಚಾರದವರು, ಉಣ್ಣುವವನನ್ನು ಬಚ್ಚಿಟ್ಟನೆಂದು ಧರ್ಮನಿರಪೇಕ್ಷತೆಯವರು ಸೇರಿ ದೇವಪ್ಪನ ಕನ್ನಡಿಗಳನ್ನು ಜಪ್ತಿ ಮಾಡಿದರು.

ಮರುದಿನ ಮಿಯಾ ಸೂಜಿ ಚುಚ್ಚಿಕೊಂಡರು. ಉಣ್ಣಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಯಾರದೋ ಹಬ್ಬದ ಅಂಗಿಯ ತೋಳು ಹೊಲಿಯುತ್ತ ಯಂತ್ರದ ಮೇಲೆ ತಲೆಯಿಟ್ಟರು. ಪರದೆ ಪಾರದರ್ಶಕವಾಗಿದ್ದರಿಂದ ಬೀದಿಯೆಲ್ಲ ನೋಡಿತು. ನಿದ್ದೆ ಬಂದಿರಬೇಕು ಎಂದುಕೊಂಡಿತು.

ಮೈ ತೊಳೆದರು. ಶವಕ್ಕೆ ಸುತ್ತುವ ಕಫನಿಗೆ ಬಿಳಿ ಬಟ್ಟೆ ಬೇಕಿತ್ತು. ಹನ್ನೊಂದು ಅಂಗಡಿ ಸುತ್ತಿದ ದೇವಪ್ಪ ಬರಿಗೈಯಲ್ಲಿ ಬಂದು, "ಎಲ್ಲಾ ಪರದೇಕ್ಕ ಹೋಗೇತಂತ, ಅಕ್ಕಾ," ಎಂದ.

ಜುಲೇಖಾಬಿ ಸ್ಟೂಲು ಹತ್ತಿ ಪರದೆ ಬಿಚ್ಚಿದಳು. ಕಫನಿಗೆ ಹೊಲಿಗೆಯಿಲ್ಲ, ದರ್ಜಿಯ ಮನೆಯಲ್ಲಿ ಅಂದು ಕತ್ತರಿ ಮಾತ್ರ ಆಡಿತು. ಗಂಡಸಿನ ಕಫನು ಮೂರು ಪದರ. ಮಲ್‌ಮಲ್ ಮೂರು ಪದರವಾದಾಗ ಒಳಗಿನವರು ಕಾಣಲಿಲ್ಲ. ಜುಲೇಖಾಬಿ ಅಂಗೈ ಇಟ್ಟು ನೋಡಿದಳು. "ಇನ್ನ ಆರಾಮ ಇರ್ರಿ," ಎಂದಳು.

ಜನಾಜಾ ಹೆಗಲಿಗೇರುವ ಮೊದಲೇ ಅಧಿಕಾರಿಗಳಿಬ್ಬರೂ ಬಂದರು. ಅಂಗಡಿಗೆ ಪರದೆಯಿಲ್ಲ ಎಂದು ಒಬ್ಬ ಬರೆದುಕೊಂಡ. ಮೊಹರಾದ ಬಟ್ಟೆ ಅಪಾರದರ್ಶಕವಾಗಿದೆ ಎಂದು ಇನ್ನೊಬ್ಬ ಬರೆದುಕೊಂಡ. ಕಡತ ಸುಲ್ತಾನರ ತನಕ ಹೋಯಿತು.

"ಈತ ಉಪವಾಸವಿದ್ದನೇ?" ಎಂದು ಸುಲ್ತಾನರು ಕೇಳಿದರು.

"ಇದ್ದ, ಹುಜೂರ್. ಸದಾಚಾರ," ಎಂದರು ತಫಜ್ಜುಲ್ ಬೇಗ್.

"ಬಲವಂತವಿತ್ತೇ?"

"ಇರಲಿಲ್ಲ, ಹುಜೂರ್. ಸ್ವಾತಂತ್ರ್ಯ," ಎಂದರು ಎಫೆಂದಿ.

ಸುಲ್ತಾನರು ಮೂರನೆಯ ಪ್ರಶ್ನೆ ಕೇಳಲಿಲ್ಲ. ಇದ್ರೀಸ್ ಮಿಯಾಗೆ 'ಸಮತೋಲನ ರತ್ನ' ಪದಕ ಘೋಷಿಸಿದರು. ರಾಯಭಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಮರುವರ್ಷದಿಂದ ಪ್ರತಿ ಮನೆಗೂ ಎಂಟು ಗಜ ಕಡ್ಡಾಯವಾಯಿತು; ಬದುಕಿರುವ ತನಕ ಪರದೆ, ನಂತರ ಕಫನು. ವೆಚ್ಚ ಪ್ರಜೆಗಳದ್ದೇ.

ಪದಕವನ್ನು ಅಂಗಡಿಯಲ್ಲಿ, ಬೀದಿಗೆ ಕಾಣುವಂತೆ, ಮಿಯಾ ಕೂರುತ್ತಿದ್ದ ಜಾಗದ ಮೇಲೆ ಅಧಿಕಾರಿಗಳೇ ಮೊಳೆ ಹೊಡೆದು ತೂಗುಹಾಕಿದರು. ಹೊಸ ಪರದೆಗೆ ಅರ್ಜಿ ಹಾಕಲು ಹೇಳಿ ಹೋದರು.

ಅದೇ ರಮಜಾನಿನ ಕೊನೆಯ ವಾರ, ಮಧ್ಯಾಹ್ನ, ಒಬ್ಬಳು ಬಸುರಿ ಹುಡುಗಿ ಬಂದು ನಿಂತಳು. "ಬೀಬಿ, ಕಣ್ಣು ಕತ್ತಲಿ ಬರಾಕ ಹತ್ತೇತಿ. ಎಲ್ಲಿ ಕುಂದರ್ಲಿ?"

ಜುಲೇಖಾಬಿ ಪದಕದ ಕೆಳಗೆ ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದಳು. ರೊಟ್ಟಿ ಕೊಟ್ಟಳು. ಆಮೇಲೆ ಬೀದಿಗೂ ಅವಳಿಗೂ ನಡುವೆ ಬಂದು, ಓಢಣಿಯ ಎರಡು ಅಂಚು ಹಿಡಿದು, ಕೈ ಚಾಚಿ ನಿಂತಳು.

ಹಿಂದೆ ಹುಡುಗಿ ಅಗಿಯುವ ಸದ್ದು ಕೇಳುತ್ತಿತ್ತು.

ಅಧಿಕಾರಿಗಳಿಬ್ಬರೂ ಬಂದರು. ಒಬ್ಬ ಟೇಪು ಹಿಡಿದು ಅವಳ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದ. ಎಂಟು ಗಜಕ್ಕೆ ಬಹಳ ಕಡಿಮೆ. ಇನ್ನೊಬ್ಬ ಕಣ್ಣು ಕಿರಿದು ಮಾಡಿ ಅವಳ ಮೂಲಕ ನೋಡಲು ಪ್ರಯತ್ನಿಸಿದ.

"ಏನೂ ಕಾಣುವುದಿಲ್ಲ," ಎಂದ.

ಗೋಡೆಯಿಲ್ಲದ ಅಂಗಡಿಗೆ ಅಡ್ಡಹಗ್ಗ ಕಟ್ಟಿ ಬೀಗಮುದ್ರೆ ಹಾಕಿದರು. ಪದಕ ಹೊರಗಿನಿಂದ ಚೆನ್ನಾಗಿ ಕಾಣುತ್ತದೆ.