ಅತ್ತೆಯ ಬಾಯಲ್ಲಿ ಬಾರದ ಪಾಸ್‌ವರ್ಡ್

ಆ ಸೋಮವಾರ ಬೆಳಿಗ್ಗೆ ರೋಹಿಣಿ ತನ್ನ ಡೈರಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಳು: “ಇವತ್ತಿನಿಂದ ಈ ಓಣಿಯಲ್ಲಿ ಒಂದು ಮೊಬೈಲೂ ನರಳಬಾರದು, ಒಂದು ಖಾತೆಯೂ ಬೀಗ ಬಿದ್ದು ಕೂರಬಾರದು. ಇದು ನನ್ನ ಶಪಥ!” ಬರೆದು ಕೆಳಗೆ ಎರಡು ಗೆರೆ ಎಳೆದಳು. ಅದೂ ಸಾಲದೆಂದು ಒಂದು ನಕ್ಷತ್ರ ಹಾಕಿದಳು.

ಶಪಥ ಮಾಡುವ ಯೋಗ್ಯತೆ ಅವಳಿಗಿರಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಯರಗುಪ್ಪಿಯ ಆ ಓಣಿಯವರು ಮೈಗೆ ಜ್ವರ ಬಂದರೆ ಕುಂದಗೋಳದ ದವಾಖಾನೆಗೆ ಹೋಗುತ್ತಿದ್ದರು. ಮೊಬೈಲಿಗೆ ಜ್ವರ ಬಂದರೆ ರೋಹಿಣಿಯ ಪಡಸಾಲೆಗೆ ಬರುತ್ತಿದ್ದರು. ಹಿಟ್ಟಿನ ಗಿರಣಿಯ ಭೀಮಶಿಯ ಆ್ಯಪ್ ಒಂದು ದಿನ ಇದ್ದಕ್ಕಿದ್ದಂತೆ ಯಾವುದೋ ಪರದೇಶದ ಭಾಷೆ ಮಾತಾಡತೊಡಗಿದಾಗ, ಅದರ ಕಿವಿ ಹಿಂಡಿ ಕನ್ನಡಕ್ಕೆ ಕರೆತಂದವಳು ಇವಳೇ. ಬಾಜೂ ಮನೆಯ ಮಲಿಕಾಬಿಯ ಮಗಳ ವಿಡಿಯೊ ಕರೆಯಲ್ಲಿ ಬರೀ ತುಟಿ ಅಲ್ಲಾಡಿ ದನಿ ಬಾರದಿದ್ದಾಗ, ದನಿ ಬರಿಸಿದವಳೂ ಇವಳೇ. ಆಫ್ ಮಾಡಿ ಆನ್ ಮಾಡುವುದು ಪ್ರಥಮ ಚಿಕಿತ್ಸೆ, ಕ್ಯಾಶೆ ತೆರವು ಜುಲಾಬು, ಅಪ್‌ಡೇಟ್ ಟಾನಿಕ್ಕು, ಆ್ಯಪನ್ನೇ ಕಿತ್ತು ಮತ್ತೆ ಹಾಕುವುದು ದೊಡ್ಡ ಆಪರೇಶನ್ನು! ಇವೆಲ್ಲ ಮಗಳಿಗೆ ಹಾಲೂಡಿಸುತ್ತ ಒಂದೇ ಕೈಯಲ್ಲಿ ಆಗುತ್ತಿದ್ದವು.

ನಕ್ಷತ್ರದ ಮಸಿ ಆರಿರಲಿಲ್ಲ. ಹದಿನಾಲ್ಕು ತಿಂಗಳ ಮಗಳು ಸಣ್ಣವ್ವ ತಾಯಿಯ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ತೂರಾಡುತ್ತ ಹಿತ್ತಲಿಗೆ ನಡೆದು, ಎಮ್ಮೆಯ ಕಲಗಚ್ಚಿನ ಬಾನಿಗೆ ಅದನ್ನು ಭಕ್ತಿಯಿಂದ ಸಮರ್ಪಿಸಿದಳು. ಡುಬ್!

“ಅತ್ತೀ, ಎಮ್ಮೀನ ಹಿಡೀರಿ! ನನ್ನ ಮೊಬೈಲ್ ಕುಡೀತೈತಿ!”

ಜೋಳ ಹಸನು ಮಾಡುತ್ತಿದ್ದ ಅತ್ತೆ ಮಹಾದೇವಕ್ಕ ಮೊರ ಕೆಳಗಿಡದೆ ಹೇಳಿದರು: “ಕುಡದಿಲ್ಲ ತಗೊಳವಾ. ಮೂಸಿ ನೋಡಿ ಬಿಟ್ಟೈತಿ. ಅದಕ್ಕರ ಬುದ್ಧಿ ಐತಿ.”

ಮೊಬೈಲ್ ಸತ್ತಿತು. ರೋಹಿಣಿ ಹೆದರಲಿಲ್ಲ. ಹೈಸ್ಕೂಲಿನ ಗುಮಾಸ್ತನಾದ ಗಂಡ ಕಾಶಿನಾಥ ಟ್ರಂಕಿನಿಂದ ಹಳೆಯದೊಂದು ಮೊಬೈಲ್ ತೆಗೆದುಕೊಟ್ಟ. ಅರ್ಧ ತಾಸಿನಲ್ಲಿ ಅವಳ ಖಾತೆಗಳೆಲ್ಲ ಒಂದೊಂದಾಗಿ ಬಾಗಿಲು ತೆರೆದವು. ಒಂದನ್ನುಳಿದು! ಅದು ಸಣ್ಣವ್ವನ ಫೋಟೊಗಳ ಖಾತೆ.

ಹುಟ್ಟಿದ ದಿನದಿಂದ ದಿನಕ್ಕೊಂದು ಫೋಟೊ, ಅದರ ಕೆಳಗೆ ಒಂದು ಸಾಲು. ಮೊದಲ ಸೀನು, ಮೊದಲ ಹಲ್ಲು, ಗೋಡೆ ಹಿಡಿದು ನಿಂತ ಮೊದಲ ದಿನ. ನಾನೂರಕ್ಕೂ ಹೆಚ್ಚು ಫೋಟೊ! ಮೊಬೈಲಿನಲ್ಲಿದ್ದವು ಕಲಗಚ್ಚಿನಲ್ಲಿ ಮುಳುಗಿದ್ದವು. ಇನ್ನು ಉಳಿದದ್ದು ಈ ಖಾತೆಯಲ್ಲಿ ಮಾತ್ರ.

“ಪಾಸ್‌ವರ್ಡ್ ಮರೆತಿರಾ?” ಎಂದು ಆ್ಯಪ್ ಸವಿಯಾಗಿ ಕೇಳಿತು. ಹೌದೆಂದಳು. ಗುಪ್ತ ಸಂಖ್ಯೆಯನ್ನು ಅವಳ ತವರಿನ ಕಾಲದ ನಂಬರಿಗೆ ಕಳಿಸಿತು. ಆ ನಂಬರು ಬಂದ್ ಆಗಿ ಎಂಟು ತಿಂಗಳು! ಇಮೇಲಿಗೆ ಕಳಿಸು ಎಂದಳು. ಎಂದೋ ಬಳಸುವುದು ಬಿಟ್ಟಿದ್ದ ಆ ಇಮೇಲ್ ತೆರೆಯಲು ಹೋದರೆ ಅದೂ ಆ ಸತ್ತ ನಂಬರಿಗೇ ಸಂಖ್ಯೆ ಕಳಿಸಿ ಕೈ ತೊಳೆದುಕೊಂಡಿತು.

“ಪಾಸ್‌ವರ್ಡ್ ಬರದಿಟ್ಟಿಲ್ಲೇನ?” ಎಂದ ಕಾಶಿನಾಥ.

“ಬರದೀನ್ರಿ. ಆದ್ರ ಬರದಿಲ್ಲ.”

ಅದರ ಕತೆ ಹೀಗಿತ್ತು. ಕೆಲ ತಿಂಗಳ ಹಿಂದೆ ಪಂಚಾಯಿತಿಯಲ್ಲಿ ಮೊಬೈಲ್ ಕಳ್ಳತನದ ಬಗ್ಗೆ ಭಾಷಣ ಆಗಿತ್ತು. ‘ಪಾಸ್‌ವರ್ಡ್ ಎಲ್ಲೂ ಬರೆದಿಡಬೇಡಿ’ ಎಂದು ಬಂದವರು ಮೇಜು ಗುದ್ದಿದ್ದರು. ಬರೆಯದೆ ಇರುವುದು ರೋಹಿಣಿಯ ಜಾತಕದಲ್ಲೇ ಇಲ್ಲ. ಅದಕ್ಕೆ ಪಾಸ್‌ವರ್ಡ್ ಬದಲು ಅದರ ಒಗಟನ್ನು ಬರೆದಿಟ್ಟಿದ್ದಳು. ಕಳ್ಳರು ಡೈರಿ ಕದ್ದರೂ ತಲೆ ಕೆರೆದುಕೊಳ್ಳಬೇಕು! ಈಗ ಕಳ್ಳರ ಜಾಗದಲ್ಲಿ ಅವಳೇ ಕೂತು ತಲೆ ಕೆರೆದುಕೊಳ್ಳುತ್ತಿದ್ದಳು. ಪುಟದ ತಳದಲ್ಲಿ, ತನ್ನದೇ ಅಕ್ಷರದಲ್ಲಿ, ಒಂದು ಸಾಲು:

‘ಅತ್ತಿ ಬಾಯಾಗ ಬರಲಾರದ್ದು, ಅದರ ಮುಂದ ಸಣ್ಣವ್ವನ ಹಲ್ಲು.’

ಹಲ್ಲೆಂದರೆ ಹಲ್ಲಿನ ಲೆಕ್ಕ, ಅದು ನೆನಪಿತ್ತು. ಮಗಳನ್ನು ಮಡಿಲಿಗೆ ಎಳೆದುಕೊಂಡು ಬಾಯೊಳಗೆ ಬೆರಳು ಹಾಕಿದಳು. ಒಂದು, ಎರಡು, ಮೂರು… “ಅಯ್ಯವ್ವಾ!” ಎಂಟೂ ಹಲ್ಲು ಒಟ್ಟಿಗೆ ಬೆರಳಿಗೆ ಹಾಜರಿ ಹೇಳಿದವು. ಊದಿದ ಬೆರಳನ್ನು ಬಾಯಲ್ಲಿಟ್ಟುಕೊಂಡಾಗ ಹೊಳೆಯಿತು: ಒಗಟು ಬರೆದ ತಾರೀಖಿಗೆ ಸಣ್ಣವ್ವನಿಗಿದ್ದದ್ದು ಎರಡೇ ಹಲ್ಲು!

ಇನ್ನು ಉಳಿದದ್ದು ಅತ್ತೆಯ ಬಾಯಿ.

ಅತ್ತೆಯ ಬಾಯಲ್ಲಿ ಬಾರದ್ದು ಏನು? ರೋಹಿಣಿಗೆ ಯೋಚಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಮೂರು ವರ್ಷದಿಂದ ರೊಟ್ಟಿ ಬಡಿದು, ಪಲ್ಯ ಮಾಡಿ ಬಡಿಸಿದ್ದಾಳೆ. ಒಂದು ದಿನವೂ ಆ ಬಾಯಲ್ಲಿ ಬಾರದ ಮಾತು ಒಂದೇ. ಒಂದು ಹಾಳೆಯ ಮೇಲೆ ‘ಚಲೋ ಆಗೇತಿ’ ಎಂದು ಬರೆದುಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಮುಂದೆ ಎರಡು ಸೇರಿಸಿದಳು.

ತಪ್ಪು.

ಹಾಗಾದರೆ, ಹಾಳೆಯಲ್ಲಿ ಅದರ ಕೆಳಗೆ, ‘ನೀ ಸ್ವಲ್ಪ ಮಲಕೊ’. ತಪ್ಪು. ‘ತವರಿಗಿ ಹೋಗಿ ಬಾ’. ಅದೂ ತಪ್ಪು! ಈ ನಡುವೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ಸಣ್ಣವ್ವ ಹಸನು ಮಾಡಿದ ಜೋಳದಲ್ಲಿ ಕೂತು ಅದನ್ನು ಎರಡೂ ಕೈಯಿಂದ ತೂರಿದಳು. ರೋಹಿಣಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ, ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಅಲೆದಳು.

“ಹಂಗ್ಯಾಕ ತಿರಗತೀವಾ? ಸಣ್ಣವ್ವನ ಅಜ್ಜಗ ಒಂದ ವಾಟಿ ಚಾ ಮಾಡು,” ಎಂದರು ಅತ್ತೆ.

ಚಹಾ ಮಾಡಿದಳು. ಸಕ್ಕರೆಯ ಬದಲು ಉಪ್ಪು ಬಿತ್ತು. ಕಟ್ಟೆಯ ಮೇಲೆ ಕೂತಿದ್ದ ಮಾವ ಕುಬೇರಪ್ಪ ಒಂದು ಗುಟುಕು ಕುಡಿದು, ಸೊಸೆಯ ಮುಖ ನೋಡಿ, ಉಳಿದದ್ದನ್ನು ಬೇವಿನ ಗಿಡಕ್ಕೆ ಉಣಿಸಿದರು.

ಈ ಸಲ ಸಿಟ್ಟಿನಿಂದಲೇ ಒತ್ತಿದಳು: ‘ನಂದ ತಪ್ಪಾತು’! ಈ ಮಾತು ಅತ್ತೆಯ ಬಾಯಲ್ಲಿ ಬಂದದ್ದನ್ನು ಓಣಿಯಲ್ಲಿ ಯಾರೂ ಕೇಳಿಲ್ಲ. ಆ್ಯಪ್ ಕೆಂಪಾಯಿತು: ‘ಇನ್ನೊಂದೇ ಅವಕಾಶ ಉಳಿದಿದೆ. ತಪ್ಪಿದರೆ ಈ ಖಾತೆಯನ್ನು ಮುಚ್ಚಲಾಗುವುದು.’

ಓಣಿಗೆಲ್ಲ ಡಾಕ್ಟರಾದವಳು ಗೋಡೆಗೆ ಒರಗಿ ಕೂತುಬಿಟ್ಟಳು. ಸಣ್ಣವ್ವ ಹಲ್ಲಿಲ್ಲದೆ ನಕ್ಕ ನಗು ಇನ್ನು ಎಲ್ಲಿ ಸಿಗಬೇಕು? ಹಲ್ಲು ಬಂದ ಮೇಲೆ ಯಾವ ಮಗು ಮತ್ತೆ ಹಾಗೆ ನಗುತ್ತದೆ?

ಮಧ್ಯಾಹ್ನ ಊಟಕ್ಕೆ ಬಂದ ಕಾಶಿನಾಥ, ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯ ಕೈಯಿಂದ ಡೈರಿ ತೆಗೆದುಕೊಂಡು ಆ ಸಾಲನ್ನು ಓದಿದ.

“ಇಷ್ಟ ಹೌದಲ್ಲ? ಅತ್ತಿ ಒಳಗ ಅದಾಳ, ಬಾಯಿನೂ ಐತಿ. ಕೇಳಿದ್ರ ಮುಗೀತು. ಅವ್ವಾ!”

“ಬ್ಯಾಡ್ರಿ! ನಿಮ್ಮ ಕಾಲ ಬೀಳತೇನಿ, ಬ್ಯಾಡ…”

“ಅವ್ವಾ, ನಿನ್ನ ಬಾಯಾಗ ಬರಲಾರದ್ದು ಯಾವುದಬೇ?”

ಮಹಾದೇವಕ್ಕ ಹಸಿರು ಬಳೆಯ ಕೈಗಳನ್ನು ಸೆರಗಿಗೆ ಒರೆಸುತ್ತ ಹೊರಬಂದರು. ಮಗನಿಗೆ ಬಿಸಿಲು ತಾಗಿದೆಯೋ ಎಂಬಂತೆ ನೋಡಿದರು.

“ಹುಚ್ಚನಂಗ ಕೇಳತೀ ನೋಡ. ನಿಮ್ಮಪ್ಪನ ಹೆಸರು. ಮತ್ತೇನು?”

ರೋಹಿಣಿ ಡೈರಿ ಕಸಿದು ಪುಟ ತಿರುವಿದಳು. ಹಿಂದಿನ ಮಗ್ಗುಲಲ್ಲಿ, ಇಷ್ಟೊತ್ತೂ ಅವಳು ತಿರುವಿಯೇ ನೋಡದ ಮಗ್ಗುಲಲ್ಲಿ, ಅದೇ ತಾರೀಖಿಗೆ ಅವಳೇ ಬರೆದಿದ್ದಳು: ‘ಇವತ್ತು ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಅತ್ತೆ ನಾಚಿ ಕೆಂಪಾದರು. ಮಲಿಕಾಬಿಯನ್ನು ತಿವಿದು ಅವಳ ಬಾಯಿಂದ ಹೇಳಿಸಿದರು. ಎಷ್ಟು ಚೆಂದ ಕಂಡರು!’ ಗಂಡನ ಹೆಸರು ಹೇಳಬಾರದೆಂಬ ಹಿರಿಯರ ಪದ್ಧತಿ! ಪ್ರೀತಿಯಿಂದ ಕಟ್ಟಿದ ಒಗಟನ್ನು ಅವಳು ಸಿಟ್ಟಿನಿಂದ ಬಿಡಿಸಲು ಕೂತಿದ್ದಳು.

ಅಷ್ಟರಲ್ಲಿ ಮಹಾದೇವಕ್ಕನ ಕೈಗೆ ನೆಲದ ಮೇಲಿದ್ದ ಹಾಳೆ ಸಿಕ್ಕಿತ್ತು. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. “ಚಲೋ ಆಗೇತಿ… ನೀ ಸ್ವಲ್ಪ ಮಲಕೊ… ತವರಿಗಿ ಹೋಗಿ ಬಾ… ನಂದ ತಪ್ಪಾತು… ಇದೇನವಾ ಇದು?”

ಕಾಶಿನಾಥನಿಗೆ ಒಮ್ಮೆಲೇ ಕೆಮ್ಮು ಬಂತು. ರೋಹಿಣಿಗೆ ಎಮ್ಮೆಯ ಬಾನಿಯಲ್ಲಿ ತಾನೂ ಮುಳುಗಬಾರದೇ ಅನ್ನಿಸಿತು. “ಅದು… ನಿಮ್ಮ ಬಾಯಾಗ ಬರಲಾರದ್ದು ಅಂತ… ತಪ್ಪಾತ್ರಿ ಅತ್ತಿ.”

ಅತ್ತೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು.

“ಅದು ಕಡೀಕ ಆಗಲಿ. ಈಗ ಒತ್ತು,” ಎಂದ ಕಾಶಿನಾಥ. ರೋಹಿಣಿಯ ಬೆರಳು ಅಲುಗಲಿಲ್ಲ. ಉಳಿದದ್ದು ಒಂದೇ ಅವಕಾಶ, ಬೆರಳು ಬೇರೆ ಊದಿಕೊಂಡಿತ್ತು. “ಇದೂ ತಪ್ಪಿದ್ರ?” ಎಂದು ಮತ್ತೆ ಅತ್ತಳು. ಅವಳನ್ನು ನೋಡಿ ಸಣ್ಣವ್ವನೂ ದನಿ ತೆಗೆದಳು.

ಮಹಾದೇವಕ್ಕ ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. “ಅಳಬ್ಯಾಡ. ಮದುವ್ಯಾಗ ಅವರ ಹೆಸರ ಒಡಪಿನ ಪದದಾಗ ಕಟ್ಟಿ ಒಂದ ಸಲ ಹೇಳಿದ್ದೆ, ಇನ್ನೊಂದ ಸಲ ಹೇಳತೇನಿ. ನಾ ಹೇಳತಿದ್ದಂಗ ನೀ ಒತ್ತು.” ಗೋಡೆಯ ಕಡೆ ಮುಖ ಮಾಡಿ, ಸೆರಗು ತಲೆಯ ಮೇಲೆ ಹೊದ್ದು, ಗಂಟಲು ಸರಿಮಾಡಿಕೊಂಡರು.

“ಎರಿ ಹೊಲದಾಗ ಬಿಳಿಜ್ವಾಳ, ತೆನಿ ತುಂಬ ಕಾಳ,
ಮೊಮ್ಮಗಳ ಸಲುವಾಗಿ ಹೇಳತೇನಿ ಕಿವಿಗೊಟ್ಟ ಕೇಳ,
ಕುಬೇರಪ್ಪನವರ ಹೆಸರಿಗಿ ತೆರೀಲಿ ಬಾಗಲ!”

ಹೊರಗಿನ ಕಟ್ಟೆಯ ಮೇಲೆ ಏನೋ ಉರುಳಿತು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಕುಬೇರಪ್ಪ ಬಾಗಿಲಲ್ಲಿ ನಿಂತಿದ್ದರು.

“ನನ್ನ… ನನ್ನ ಕರದಿ ಏನ?”

“ನಿಮ್ಮನ್ನಲ್ಲ. ಮೊಬೈಲಿಗಿ ಹೇಳಿದೆ. ಹೋಗಿ ಕೂಡ್ರಿ!” ಎಂದು ಮಹಾದೇವಕ್ಕ ಗೋಡೆಗೇ ಹೇಳಿದರು. ಮಾವ ಹೋಗಲಿಲ್ಲ.

ರೋಹಿಣಿ ಒತ್ತಿದಳು. ಹೆಸರು. ಎರಡು ಹಲ್ಲು. ಕಣ್ಣು ಮುಚ್ಚಿಕೊಂಡಳು.

“ತೆರೀತು!” ಎಂದು ಕಾಶಿನಾಥ ಕೂಗಿದ.

ನಾನೂರು ಸಣ್ಣವ್ವಂದಿರು ಒಟ್ಟಿಗೆ ಪಡಸಾಲೆಗೆ ಬಂದರು. ಬೋಳು ಬಾಯಿಯವಳು, ಬೋಳು ತಲೆಯವಳು, ಅಳುವವಳು, ಆಕಳಿಸುವವಳು. ಫೋಟೊ ತೆಗೆಯುವಾಗ ರೋಹಿಣಿ ನೋಡಿದ್ದು ಮಗಳ ಮುಖ ಮಾತ್ರ. ಈಗ ಬೆರಳು ಸರಿಸುತ್ತ ಹೋದ ಹಾಗೆ ಬೇರೊಂದು ಕಂಡಿತು. ಮಗುವಿನ ಕತ್ತಿಗೆ ಆಸರೆಯಾಗಿ, ಬೆನ್ನಿಗೆ ಒತ್ತಾಗಿ, ಬೀಳದಂತೆ ಬಗಲಲ್ಲಿ, ಹೆಚ್ಚುಕಡಿಮೆ ಎಲ್ಲ ಫೋಟೊಗಳಲ್ಲೂ ಹಸಿರು ಬಳೆಯ ಒಂದು ಕೈ ಇತ್ತು. ಅವಳು ಮೊಬೈಲ್ ಕೆಳಗಿಟ್ಟು ಬಡಿಸಲು ಎದ್ದಳು.

ಎಲ್ಲರೂ ಊಟಕ್ಕೆ ಕೂತರು. ಮಹಾದೇವಕ್ಕ ರೊಟ್ಟಿ ಮುರಿದು, ಬದನೆಕಾಯಿ ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

“ಚಲೋ ಆಗೇತಿ,” ಎಂದರು ಅತ್ತೆ.

ಕಾಶಿನಾಥನ ಕೈಯ ತುತ್ತು ಅಲ್ಲೇ ನಿಂತಿತು.

ಅತ್ತೆ ಕುಪ್ಪಸದಿಂದ ಹಾಳೆ ತೆಗೆದು, ಬಿಡಿಸಿ, ಕನ್ನಡಕ ಏರಿಸಿದರು. “ಚಲೋ ಆಗೇತಿ ಅಂದೆ. ಊಟ ಆದಮ್ಯಾಲ ಸ್ವಲ್ಪ ಮಲಕೊ, ಭಾಂಡಿ ನಾ ತಿಕ್ಕತೇನಿ. ಬರೂ ವಾರ ತವರಿಗಿ ಹೋಗಿ ಬಾ. ಅವರ ಹೆಸರಂತೂ ಓಣಿಗೆಲ್ಲ ಕೇಳೂವಂಗ ಆಗಲೇ ಹೇಳೇನಿ. ನಿನ್ನ ಪಾಸ್‌ವರ್ಡ್ ಈಗ ಎಲ್ಲಾರಿಗೂ ಗೊತ್ತಾತು. ಬದಲಿ ಮಾಡಬೇಕಲ್ಲ?”

“ಹೌದ್ರಿ ಅತ್ತಿ,” ಎಂದಳು ರೋಹಿಣಿ, ನೆಲ ನೋಡುತ್ತ.

“ಈ ಕಡೀ ಸಾಲಿಂದು ಇಟ್ಟುಬಿಡವಾ, ‘ನಂದ ತಪ್ಪಾತು’ ಅನ್ನೂದು,” ಎಂದು ಅತ್ತೆ ಇನ್ನೊಂದು ರೊಟ್ಟಿಗೆ ಕೈ ಚಾಚಿದರು. “ಅದು ಮಾತ್ರ ನನ್ನ ಬಾಯಾಗ ಎಂದೂ ಬರೂದಿಲ್ಲ. ಭದ್ರ ಇರತೈತಿ!”