ಮೂರು ಊರಿನ ಲೋಟಗಳು

ಎರಡು ಸಾವಿರದ ಒಂದರ ಗಣರಾಜ್ಯೋತ್ಸವದ ಬೆಳಿಗ್ಗೆ ಎಂಟು ಗಂಟೆ ನಲವತ್ತಾರು ನಿಮಿಷಕ್ಕೆ ಭೂಮಿ ನಡುಗಿತಲ್ಲ, ಆಗ ಅಹಮದಾಬಾದಿನಲ್ಲಿ ಓಡದೆ ನಿಂತಿದ್ದವರು ಇಬ್ಬರೇ. ಒಂದು, ಸರ್ಕಲ್ಲಿನ ಕಲ್ಲಿನ ಪ್ರತಿಮೆ. ಇನ್ನೊಬ್ಬರು ವಿಜ್ಞಾನದ ಮೇಷ್ಟರಾದ ನಮ್ಮ ಭಾವ!

ನಾನಾಗ ಅಕ್ಕನ ಮನೆಯಲ್ಲಿದ್ದೆ, ನಾಲ್ಕನೇ ಮಹಡಿಯ ಫ್ಲ್ಯಾಟು. ಕಪಾಟು ನಡೆದುಕೊಂಡು ಬರುತ್ತಿದೆ, ಭಾವ ಟವೆಲ್ ಸುತ್ತಿಕೊಂಡು ಬಚ್ಚಲಲ್ಲಿ ಬಕೆಟ್ ನೋಡುತ್ತಿದ್ದಾರೆ! "ನೀರು ಯಾವ ಕಡೆಗೆ ತುಳುಕ್ತಿದೆ ನೋಡು ಬಾರಯ್ಯ!"

"ರೀ, ನೀರು ಆಮೇಲೆ ನೋಡೋರಂತೆ, ಮೊದಲು ಮೆಟ್ಟಿಲು ನೋಡಿ!" ಎಂದು ಅಕ್ಕ ಟವೆಲ್ ಹಿಡಿದೆಳೆದಳು. ವಿಜ್ಞಾನ ಬಿಟ್ಟಾರು, ಟವೆಲ್ ಬಿಟ್ಟಾರೆಯೇ? ಬಂದರು.

ಕೆಳಗಿಳಿದು ನೋಡಿದರೆ ಎದುರು ಸಾಲಿನ ಕಟ್ಟಡವೊಂದು ಇರಲಿಲ್ಲ. ಬರೀ ಧೂಳಿತ್ತು. ಇವತ್ತಿಗೂ ಲಿಫ್ಟು ಕುಲುಕಿದರೆ ನನ್ನ ಕಾಲು ಚಪ್ಪಲಿ ಹುಡುಕುತ್ತದೆ.

ಹಲವು ದಿನ ಫ್ಲ್ಯಾಟುಗಳ ಸೊಸೈಟಿಯ ಅಂಗಳದಲ್ಲೇ ಮಲಗಿದೆವು. ಕಟ್ಟಡ ಗಟ್ಟಿ ಎಂದು ಎಂಜಿನಿಯರು ಹೇಳಿದ ಮೇಲೆ ಒಳಗೆ ಹೋದೆವು. ಆದರೆ ಅಕ್ಕನ ಏಳು ವರ್ಷದ ಮಗಳು ಪುಟ್ಟಿ ಕಣ್ಣು ಮುಚ್ಚಬೇಕಲ್ಲ! ಗುಜರಾತಿನಲ್ಲೇ ಬೆಳೆದ ಹುಡುಗಿ. "ಮಾಮಾ, ನಾನ್ ಮಲಗಿದ್ರೆ ಬಿಲ್ಡಿಂಗ್ ಗಿರ್ ಜಾಯೇಗಾ" ಎಂದು, ಕಟ್ಟಡ ಬೀಳದ ಹಾಗೆ ಗೋಡೆ ಕಾಯುತ್ತ ಕೂತಿರುತ್ತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು.

ಬೇರೆ ಅಪ್ಪಂದಿರಾದರೆ ತಾಯಿತ ಕಟ್ಟಿಸುತ್ತಿದ್ದರು. ಭಾವ ಸ್ಟೀಲ್ ಲೋಟಗಳನ್ನು ತಟ್ಟೆಯ ಮೇಲೆ ಗೋಪುರದ ಹಾಗೆ ಪೇರಿಸಿದರು. "ಭೂಮಿ ಅಲುಗಿದರೆ ಇದು ಬಿದ್ದು ಎಬ್ಬಿಸತ್ತೆ. ಇನ್ನು ಕಾವಲು ಇದರದ್ದು, ನಿನ್ನದಲ್ಲ."

ಬಿತ್ತು! ಲಾರಿ ಹೋದರೆ ಬಿತ್ತು. ಮೇಲಿನ ಮನೆಯ ಭಾಯ್ ಸ್ಕಿಪ್ಪಿಂಗ್ ಮಾಡಿದರೆ ಬಿತ್ತು. ಭಾವ ಸೀನಿದರೂ ಬಿತ್ತು! ಪ್ರತಿ ಸಲವೂ ಮನೆಮಂದಿಯೆಲ್ಲ ಮೆಟ್ಟಿಲಿಳಿದು ಓಟ. "ಭೂಕಂಪದಲ್ಲಿ ಉಳಿದವಳನ್ನ ನಿಮ್ಮ ಲೋಟ ಕೊಲ್ಲತ್ತೆ!" ಎಂದಳು ಅಕ್ಕ.

ಭಾವ ಬಿಟ್ಟರೆ ತಾನೆ? ಅವರಿಗೆ ವಡೋದರಾದಲ್ಲೊಬ್ಬರು, ಸೂರತ್ತಿನಲ್ಲೊಬ್ಬರು ತಮ್ಮಂಥವರೇ ಮೇಷ್ಟರು ಸ್ನೇಹಿತರು. ಪಾಠವಿಲ್ಲ, ಪರೀಕ್ಷೆಯಿಲ್ಲ, ಶನಿವಾರ ಶನಿವಾರ ಒಂದು ಊರಿನ ಮಕ್ಕಳು ಮಾಡಿದ ಪ್ರಯೋಗವನ್ನು ಉಳಿದೆರಡು ಊರಿನ ಮಕ್ಕಳೂ ಮಾಡಿ ನೋಡುವುದು ಈ ಮೂವರ ಒಪ್ಪಂದ. ಈಗ ಮೂರೂ ಊರಲ್ಲಿ ಲೋಟ ಎದ್ದು ನಿಂತವು! ಮೂರು ಕಡೆಯೂ ಒಟ್ಟಿಗೆ ಬಿದ್ದರೆ ಭೂಕಂಪ. ಒಂದೇ ಕಡೆ ಬಿದ್ದರೆ ಆ ಊರಿನ ಕಿತಾಪತಿ.

ವಡೋದರಾದ ಅಲ್ಕಾಪುರಿಯಿಂದ ವರದಿ ಬಂತು: "ಸರ್, ರೈಲು ಬಂದಾಗಲೆಲ್ಲ ಬೀಳ್ತಿದೆ." ಸೂರತ್ತಿನ ಪಾಂಡೇಸರಾದಿಂದ ಇನ್ನೊಂದು: "ಇಲ್ಲಿ ಬಟ್ಟೆಗೆ ಬಣ್ಣ ಹಾಕೋ ಮಿಲ್ಲುಗಳ ಅದುರಾಟಕ್ಕೆ ಲೋಟ ನಿಲ್ಲೋದೇ ಇಲ್ಲ. ಮಿಲ್ಲಿಗೆ ರಜೆಯಿದ್ದರೆ ಭೂಕಂಪಕ್ಕೂ ರಜೆ!"

ಫೋನಿನ ಅಧಿಕಾರ ಪುಟ್ಟಿಗೆ ಸಿಕ್ಕಿತು. ಲೋಟ ಬಿದ್ದರೆ ಈಗ ಓಡುತ್ತಿರಲಿಲ್ಲ, ನಂಬರು ತಿರುಗಿಸುತ್ತಿದ್ದಳು. "ಅಂಕಲ್, ಆಪ್ಕಾ ಗಿರಾ? ನಹೀ?" ಎಂದು ಅವರ ಲೋಟವೂ ಬಿತ್ತೇ ಅಂತ ವಿಚಾರಣೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ ನನಗೆ ಅಪ್ಪಣೆ: "ಒಳಗೆ ಬಾ ಮಾಮಾ, ಬರೀ ಲಾರಿ." ಅಲುಗಿದ್ದೆಲ್ಲ ಭೂಕಂಪವಲ್ಲ, ಪಕ್ಕದ ಊರನ್ನೊಮ್ಮೆ ಕೇಳಿ ನೋಡು ಎಂದು ಯಾವ ಪಠ್ಯಪುಸ್ತಕ ಕಲಿಸೀತು! ಆದರೂ ರಾತ್ರಿಯ ನಿದ್ದೆ ಮಾತ್ರ ಚೂರುಚೂರೇ.

ಫೆಬ್ರವರಿಯ ಕೊನೆಯ ಒಂದು ಬೆಳಿಗ್ಗೆ ಕೋಣೆಗೆ ಹೋದರೆ ಲೋಟಗಳು ನೆಲದ ತುಂಬ ಉರುಳಿದ್ದವು. ಯಾವಾಗ ಬಿದ್ದವೋ! ಪುಟ್ಟಿ ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ.

"ಭಾವ, ವಡೋದರಾಕ್ಕೆ ಫೋನ್ ಮಾಡಲಾ? ನಿಜವಾದದ್ದೇ ಆಗಿದ್ದರೆ?"

ಭಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನಾದರೂ ಆಗಿರಲಿ ಬಿಡಯ್ಯ."

ಮಗಳ ಮಂಚದ ಪಕ್ಕ ಬರಿನೆಲದಲ್ಲೇ ಮೈಚಾಚಿದವರು ಮಧ್ಯಾಹ್ನವಾದರೂ ಏಳಲಿಲ್ಲ. ಇಷ್ಟು ದಿನ ಅವರೂ ಮಲಗಿರಲಿಲ್ಲವೆಂದು ನಮಗೆ ಹೊಳೆದದ್ದೇ ಆಗ. ಅಕ್ಕ ಅವರ ತಲೆಯಡಿಗೆ ದಿಂಬು ಕೊಟ್ಟು, ಲೋಟಗಳನ್ನು ಸದ್ದಾಗದ ಹಾಗೆ ಒಂದೊಂದಾಗಿ ಆರಿಸಿಕೊಂಡಳು.